ಮರಿತಾಯಮ್ಮನಿಗೆ ಹಾಸಿದ ನಡೆಮಡಿ

ಚಾಮರಾಜನಗರದ ಗುರುಪಾದಸ್ವಾಮಿಯವರ ಅರಿಶಿನದ ಮಂಡಿ ಗೊತ್ತಿದ್ದವರಿಗೆಲ್ಲ ಮರಿತಾಯಮ್ಮನೂ ಗೊತ್ತಿದ್ದಳು. ಗೊತ್ತಿಲ್ಲದವರು ಮಂಡಿಗೆ ಕಾಲಿಟ್ಟ ಮೊದಲನೆಯ ದಿನವೇ ಅವಳ ಬಾಯಿಗೆ ಸಿಕ್ಕಿ ಗೊತ್ತು ಮಾಡಿಕೊಳ್ಳುತ್ತಿದ್ದರು. ಓಡಾಡುವ ದಾರಿಯಲ್ಲಿ ಸೈಕಲ್ ನಿಲ್ಲಿಸಿದವರು, ತಕ್ಕಡಿಯನ್ನು ಒಂದು ಮಾರು ಆಚೆಗೆ ಎಳೆದವರು, ಬಾಗಿಲನ್ನು ಅರ್ಧ ತೆರೆದು ಹಾಗೇ ಬಿಟ್ಟು ಹೋದವರು, ಯಾರೂ ಅವಳ ಬೈಗುಳದಿಂದ ಪಾರಾದವರಲ್ಲ. ಯಜಮಾನ ಗುರುಪಾದಸ್ವಾಮಿಯವರೇ ತಮ್ಮ ಚಪ್ಪಲಿಯನ್ನು ಗೋಡೆಗೆ ಒತ್ತಿ ಬಿಟ್ಟು ಒಳಗೆ ಬರುತ್ತಿದ್ದರು.

ತೆರಕಣಾಂಬಿ ಕಡೆಯ ಹೆಂಗಸು. ನಾಲ್ಕನೆಯ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿತ್ತು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು, ಕೈ ಹಿಡಿದು ಓಡಾಡಿಸುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಎಡವಿಕೊಂಡು, ತರಚಿಕೊಂಡು, ಊರನ್ನೆಲ್ಲ ತಾನೇ ಕಲಿತಳು. ಮದುವೆ ಮಾಡುವ ಯೋಚನೆ ಯಾರಿಗೂ ಬರಲಿಲ್ಲ, ಅವಳೂ ನೆನಪು ಮಾಡಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು ಮಂಡಿ ಸೇರಿದವಳು ಇಪ್ಪತ್ತೆರಡು ವರ್ಷ ಅಲ್ಲೇ ಕೂತಳು. ಒಣಗಿದ ಅರಿಶಿನದಲ್ಲಿ ಉದ್ದನೆಯ ಕೊಂಬು, ಗುಂಡನೆಯ ಗೆಡ್ಡೆ, ಹುಳು ಕೊರೆದದ್ದು ಎಂದು ಮೂರು ಗುಡ್ಡೆ ಮಾಡುವುದು ಅವಳ ಕೆಲಸ. ಕಣ್ಣಿದ್ದವರು ಬಣ್ಣಕ್ಕೆ ಮರುಳಾಗಿ ಮೋಸ ಹೋಗುತ್ತಿದ್ದರು. ಇವಳು ಅಂಗೈಯಲ್ಲಿ ತೂಗಿ, ಉಗುರಿನಲ್ಲಿ ಒಮ್ಮೆ ತಟ್ಟಿ, ಒಳಗೆ ಟೊಳ್ಳಿದ್ದರೆ ಹೇಳಿಬಿಡುತ್ತಿದ್ದಳು. ಅವಳಿಗೆ ಸಿಟ್ಟು ತರಿಸುವ ಮಾತು ಒಂದೇ, 'ಪಾಪ' ಅನ್ನುವುದು.

ಚಾಮರಾಜನಗರ ಜಿಲ್ಲೆಯಾದ ವರ್ಷ ಮಂಡಿಗೆ ಶಾಂತರಾಜು ಬಂದರು. ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುವ ಮೇಷ್ಟ್ರು, ಅವರ ಮನೆತನದಲ್ಲಿ ಸಂಬಳ ಕಂಡ ಮೊದಲನೆಯವರು. ಮಂಡಿಯನ್ನು ಹಿಂದಕ್ಕೆ ಬೆಳೆಸಬೇಕೆಂದು ಗುರುಪಾದಸ್ವಾಮಿಯವರು ಅಳತೆಗೆ ಕರೆಸಿದ್ದರು. ಟೇಪು ಹಿಡಿದು ನಿಂತಿದ್ದವರ ಎದುರಿಗೆ ಮರಿತಾಯಮ್ಮ ಬಾವಿಯ ಕಡೆಯಿಂದ ತುಂಬಿದ ಕೊಡ ಹೊತ್ತು ಬಂದಳು. ಆವತ್ತು ಬೆಳಿಗ್ಗೆಯಷ್ಟೇ ಇಳಿಸಿದ ಇಟ್ಟಿಗೆಯ ರಾಶಿಗೆ ಎರಡು ಹೆಜ್ಜೆ ಇರುವಾಗ ನಿಂತಳು, ಬಳಸಿಕೊಂಡು ಹೋದಳು. ಮೇಷ್ಟ್ರು ಹಿಂದೆಯೇ ಹೋಗಿ, ಅದು ಹೇಗೆ ಗೊತ್ತಾಯಿತಮ್ಮ ಎಂದು ಕೇಳಿದರು.

"ನನ್ ಹೆಜ್ಜೆ ಸದ್ದು ಗ್ವಾಡೆಗೆ ಬಡ್ದು ವಾಪಸ್ ಬತ್ತದೆ ಕಣಪ್ಪ. ನೆನ್ನೆ ಇಲ್ದೇ ಇದ್ದ ಗ್ವಾಡೆ ಇದು. ಯಾವನ್ ತಂದ್ ಇಲ್ಲಿ ಸುರ್ದೋನು?"

ಮೇಷ್ಟ್ರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತೇಬಿಟ್ಟರು. ಅಂಗವಿಕಲರಿಗೆ ಅನುಕೂಲವಾಗುವಂತೆ ಕಟ್ಟಡ ಕಟ್ಟಬೇಕೆಂದು ಆಗ ಹೊಸ ಕಾಯ್ದೆ ಬಂದಿತ್ತು. ಅದರ ಸುತ್ತೋಲೆ ಎಲ್ಲ ಕಾಲೇಜಿಗೂ ಬಂದು, ಎಲ್ಲ ಕಾಲೇಜಿನಲ್ಲೂ ಬೀರು ಸೇರಿತ್ತು. ಓದಿದವರು ಬಹುಶಃ ಈ ಶಾಂತರಾಜು ಒಬ್ಬರೇ. ಓದಿದ ಮೇಲೆ ಅದನ್ನು ಹುಡುಗರಿಗೆ ಹೇಗೆ ಕಲಿಸುವುದೆಂದು ಅವರಿಗೂ ಗೊತ್ತಿರಲಿಲ್ಲ. ಆವತ್ತು ಗೊತ್ತಾಯಿತು.

ಹೀಗೆ ಒಂದಕ್ಷರವನ್ನೂ ಓದದ ಮರಿತಾಯಮ್ಮ ಪಾಲಿಟೆಕ್ನಿಕ್ಕಿನಲ್ಲಿ ಶನಿವಾರ ಮಧ್ಯಾಹ್ನದ ಮೇಷ್ಟ್ರಾದಳು. ಮೊದಲನೆಯ ಪಾಠಕ್ಕೆ ಹುಡುಗರ ಕಣ್ಣಿಗೆಲ್ಲ ಟವಲ್ ಕಟ್ಟಿಸಿ, ಕೈಗೊಂದು ತುಂಬಿದ ಚೊಂಬು ಕೊಟ್ಟು, ಕ್ಲಾಸಿನಿಂದ ಬೇವಿನ ಮರದವರೆಗೆ ನಡೆಯಿರಿ ಎಂದಳು. ಚೊಂಬಿನಲ್ಲಿ ನೀರು ಉಳಿದದ್ದು ಮೂವರಿಗೆ. ಒಬ್ಬನಿಗೆ ವರಾಂಡದ ಕಡೆಗೆ ತೆರೆದುಕೊಂಡಿದ್ದ ಕಿಟಕಿಯ ಬಾಗಿಲು ಹಣೆಗೆ ಹೊಡೆದು ಬುಗುಟೆ ಎದ್ದಿತು.

"ಈ ಕಿಟಕಿ ಬರ್ದೋರ್ ಯಾರು?" ಎಂದು ಕೇಳಿದಳು.

"ಯಾರೋ ಎಂಜಿನಿಯರ್ ಕಣಮ್ಮ."

"ಅವನ್ ಹಣೆ ಗಟ್ಟಿಗಿರ್ಬೇಕು ಬುಡು. ನೀವ್ ಬರೆಯಾಗ ಒಳಕ್ಕೆ ತೆಗ್ಯಂಗೆ ಬರೀರಿ."

ಎರಡು ವರ್ಷ ಹೀಗೆ ನಡೆಯಿತು. ಮೆಟ್ಟಿಲುಗಳಲ್ಲಿ ಕೊನೆಯದೊಂದು ಗಿಡ್ಡವಾದರೆ ಏನಾಗುತ್ತದೆ, ತಗಡಿನ ಮಾಡಿನ ಕೆಳಗೆ ಮಳೆ ಬಂದಾಗ ಕಿವಿ ಯಾಕೆ ಕೆಲಸಕ್ಕೆ ಬರುವುದಿಲ್ಲ, ಕುರುಡರನ್ನು ಕೇಳದೆ ರಟ್ಟೆ ಹಿಡಿದು ಎಳೆದರೆ ಅವರಿಗೆ ದಿಕ್ಕು ಹೇಗೆ ತಪ್ಪುತ್ತದೆ, ಎಲ್ಲ ಹೇಳಿಕೊಟ್ಟಳು. ಶಿವರಂಜಿನಿ ಎನ್ನುವ ವಿದ್ಯಾರ್ಥಿನಿ ಇದ್ದಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ಅವಳು ರಟ್ಟಿನ ಮೇಲೆ ಗಂಜಿ ಸವರಿ, ಗೋಣಿದಾರ ಅಂಟಿಸಿ ಗೋಡೆ ಮಾಡಿದಳು, ಬಾಗಿಲಿರುವ ಕಡೆ ದಾರ ಅಂಟಿಸದೆ ಖಾಲಿ ಬಿಟ್ಟಳು, ಬಾವಿಗೆ ಒಂದು ಅಂಗಿಯ ಗುಂಡಿ ಹೊಲಿದಳು. ಮರಿತಾಯಮ್ಮ ಬೆರಳಾಡಿಸಿ ನಕ್ಷೆ ಓದಿದಳು. ಐವತ್ತು ದಾಟಿದ ಮೇಲೆ ಮೊದಲನೆಯ ಸಲ ಒಂದು ಮನೆಯನ್ನು ಇಡಿಯಾಗಿ ಅಂಗೈ ಕೆಳಗೆ ಕಂಡಿದ್ದಳು. ಮೂಲೆ ಮೂಲೆಗೂ ಮತ್ತೊಮ್ಮೆ ಬೆರಳಾಡಿಸಿದಳು. ಆಮೇಲೆ, "ಕಕ್ಕಸು ಅಡುಗೇಮನೆ ಪಕ್ಕದಲ್ಲಿ ಮಡಗಿದ್ದೀಯಲ್ಲ ಕಣಮ್ಮಿ, ಮೂಗಿಗೆ ಯಾವ್ದು ಯಾವ್ದು ಅಂತ ಹೆಂಗ್ ಗೊತ್ತಾಯ್ತದೆ?" ಎಂದಳು. ಕ್ಲಾಸೆಲ್ಲ ನಕ್ಕಿತು. ಶಿವರಂಜಿನಿ ದಾರ ಕಿತ್ತು ಮತ್ತೆ ಅಂಟಿಸಿದಳು.

ಆ ನಕ್ಷೆ ಸುಮ್ಮನೆ ಬರೆದದ್ದಲ್ಲ. ಗುಂಡ್ಲುಪೇಟೆಯಲ್ಲಿ ಗುರುಪಾದಸ್ವಾಮಿಯವರ ತಾಯಿಯ ಹೆಸರಿನಲ್ಲಿ ಒಂದು ಜಾಗ ಇತ್ತು. ಅಲ್ಲಿ ಎಂಟು ಕುರುಡು ಹೆಣ್ಣುಮಕ್ಕಳಿಗೆ ಒಂದು ಸಣ್ಣ ಹಾಸ್ಟೆಲ್ ಕಟ್ಟಿಸುವುದೆಂದು ಅವರು ಮನಸ್ಸು ಮಾಡಿದ್ದರು. ನಕ್ಷೆ ಹುಡುಗರದು. ಮೇಲ್ವಿಚಾರಕಿಯಾಗಿ ಮರಿತಾಯಮ್ಮನೇ ಇರಬೇಕೆಂದು ಮೇಷ್ಟ್ರು ಪಟ್ಟು ಹಿಡಿದರು, ಗುರುಪಾದಸ್ವಾಮಿಯವರೂ ಹೂಂ ಎಂದರು. ಹಾಸ್ಟೆಲ್ ನಡೆಸುವುದಕ್ಕೆ ಇಲಾಖೆಯ ನೆರವು ಬೇಕಿತ್ತು. ಹಾಗಾಗಿ ಉದ್ಘಾಟನೆಯ ದಿನ ಮೈಸೂರಿನಿಂದ ಬರುವ ಅಧಿಕಾರಿಣಿ ನೋಡಿ ಒಪ್ಪಬೇಕು, ಅಷ್ಟೇ ಬಾಕಿ.

ಮರಿತಾಯಮ್ಮನಿಗೆ ಆ ಕೆಲಸದ ಮೇಲೆ ಎಷ್ಟು ಆಸೆ ಹುಟ್ಟಿತೆಂದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಮಂಡಿಯಲ್ಲಿ ಅರಿಶಿನ ಹೆಕ್ಕುತ್ತ ಮನಸ್ಸಿನಲ್ಲೇ ಎಂಟು ಮಕ್ಕಳನ್ನು ನಡೆಸುತ್ತಿದ್ದಳು. ಮೊದಲು ಕೋಣೆಯಿಂದ ಬಾವಿಗೆ, ಬಾವಿಯಿಂದ ಬೀದಿಗೆ, ಬೀದಿಯಿಂದ ಬಸ್‌ಸ್ಟ್ಯಾಂಡಿಗೆ. ಒಂದು ವರ್ಷಕ್ಕೆ ಒಬ್ಬೊಬ್ಬಳೂ ಒಬ್ಬೊಬ್ಬಳೇ ಅಂಗಡಿಗೆ ಹೋಗಿ ಉಪ್ಪು ತರಬೇಕು. ತನ್ನದು ಎಂದು ಅವಳು ಬಾಳಿನಲ್ಲಿ ಏನನ್ನೂ ಕೇಳಿದವಳಲ್ಲ, ಇದೊಂದನ್ನು ಕೇಳಿದಳು.

ಕಟ್ಟಿ ಮುಗಿದ ಹಾಸ್ಟೆಲ್ಲಿನಲ್ಲಿ ಎಲ್ಲಕ್ಕಿಂತ ಚೆಂದದ್ದು ನೆಲ. ನುಣ್ಣನೆಯ ಚಪ್ಪಡಿಗಳ ನಡುವೆ ಗೇಟಿನಿಂದ ಜಗುಲಿಗೆ, ಜಗುಲಿಯಿಂದ ಅಡುಗೆಮನೆಗೆ ಒಂದು ಗೇಣು ಅಗಲದ ಒರಟು ಕಲ್ಲಿನ ಸಾಲು ಹಾಕಿದ್ದರು. ಬರಿಗಾಲಿಗೆ ತಪ್ಪದೆ ಸಿಗುತ್ತಿತ್ತು. ತಿರುಗಬೇಕಾದ ಕಡೆ ಗುಂಡುಕಲ್ಲು. ಮರಿತಾಯಮ್ಮನ ಸಾಲು ಎಂದೇ ಹುಡುಗರು ಅದಕ್ಕೆ ಹೆಸರಿಟ್ಟರು. ಈ ಸಾಲಿನ ಮೇಲೆ ಯಾವತ್ತೂ ಏನನ್ನೂ ಇಡಕೂಡದೆಂದು ಮೇಷ್ಟ್ರು ಪರೀಕ್ಷೆಯಲ್ಲಿ ಪ್ರಶ್ನೆ ಕೂಡ ಹಾಕಿದ್ದರು. ಬಕೀಟು, ಹೂಕುಂಡ, ಬೆಂಚು, ಸೈಕಲ್ ಎಂದು ಎಲ್ಲರೂ ಪಟ್ಟಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದರು.

ಉದ್ಘಾಟನೆಯ ಹಿಂದಿನ ದಿನವೇ ಮರಿತಾಯಮ್ಮ ಗುಂಡ್ಲುಪೇಟೆಗೆ ಬಂದು ಸಾಲಿನ ಮೇಲೆ ಹತ್ತು ಸಲ ನಡೆದಳು. ಗೇಟಿನಿಂದ ಇಪ್ಪತ್ತು ಹೆಜ್ಜೆ, ಗುಂಡುಕಲ್ಲು, ಎಡಕ್ಕೆ ಇಪ್ಪತ್ತೆರಡು ಹೆಜ್ಜೆ, ಜಗುಲಿ. ಮಕ್ಕಳು ಆಗಲೇ ಬಂದಿದ್ದರು. ಮದ್ದೂರು ಅರಣ್ಯ ರೇಂಜಿನ ವಾಚರ್ ಒಬ್ಬನ ಮಗಳು, ಎಂಟು ವರ್ಷದ ನೀಲಾವತಿ, ಅವಳ ಸೆರಗು ಹಿಡಿದುಕೊಂಡು ಹತ್ತು ಸಲವೂ ಹಿಂದೆಯೇ ನಡೆದಳು. "ಅಜ್ಜಿ, ನೀನು ಇಲ್ಲೇ ಇರ್ತೀಯಾ?" ಎಂದು ಕೇಳಿದಳು. "ಇನ್ನೆಲ್ಲಿಗ್ ಓಗನೆ. ನಿಂಗೆ ನೀರು ಸೇದದ್ ಕಲಿಸ್ಬೇಕಲ್ಲ," ಎಂದಳು ಮರಿತಾಯಮ್ಮ.

ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳುವುದಕ್ಕೆ ನನಗೇ ಕಷ್ಟ. ಕೆಟ್ಟವರು ಯಾರೂ ಇರಲಿಲ್ಲ, ಇದ್ದಿದ್ದರೆ ಅವರನ್ನಾದರೂ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಮ್ಮ ಕಡೆ ಮಠದ ಸ್ವಾಮಿಗಳು ಊರಿಗೆ ಬಂದರೆ, ದೇವರು ಗುಡಿ ಬಿಟ್ಟು ಹೊರಟರೆ, ಪಾದ ಬರಿ ನೆಲಕ್ಕೆ ತಾಗಬಾರದೆಂದು ಒಗೆದ ಮಡಿ ಬಟ್ಟೆ ಹಾಸುತ್ತಾರೆ. ಅದಕ್ಕೆ ನಡೆಮಡಿ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿ ಇಲ್ಲ. ನಮಗೆ ಕಲಿಸಿದ ಗುರು ಇವರು, ಇವರಿಗೂ ನಡೆಮಡಿ ಹಾಸಬೇಕೆಂದು ಶಿವರಂಜಿನಿಗೆ ಅನ್ನಿಸಿತು. ಅಮ್ಮನ ಬಿಳಿ ಸೀರೆಗಳನ್ನು ಒಗೆಸಿ, ಗಂಜಿ ಹಾಕಿಸಿ ತಂದಿದ್ದಳು. ಕೇಳಿದ ಕೂಡಲೇ ಮೇಷ್ಟ್ರ ಕಣ್ಣಲ್ಲಿ ನೀರು ಬಂತು, ಹಾಸಿ ಎಂದರು. ಒರಟು ಕಲ್ಲಿಗೆ ಸಿಕ್ಕಿ ಸೀರೆ ಹರಿಯುತ್ತದೆಂದು ಕೆಳಗೆ ಮಡಚಿದ ಜಮಖಾನ ಹಾಸಿದರು. ಮೇಲೆ ಮಲ್ಲಿಗೆ ಎರಚಿದರು. ಪರೀಕ್ಷೆಯಲ್ಲಿ ಬರೆದ ಪಟ್ಟಿ ಒಬ್ಬರಿಗೂ ನೆನಪಾಗಲಿಲ್ಲ. ಅವರು ಹಾಸುತ್ತಿದ್ದದ್ದು ಗೌರವ, ಅದು ಅಡ್ಡವಾಗಬಹುದೆಂದು ಯಾರಿಗೆ ತಾನೇ ಹೊಳೆದೀತು.

ಮರಿತಾಯಮ್ಮನಿಗೆ ಇದನ್ನು ಹೇಳಿರಲಿಲ್ಲ. ಅಲ್ಲಿಗೆ ಹೋದ ಮೇಲೆ ಗೊತ್ತಾಗಿ ಸಂತೋಷಪಡಲಿ ಎಂದು. ಅವಳು ಎದುರು ಮನೆಯಲ್ಲಿ ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಹತ್ತು ಗಂಟೆಗೆ ಗೇಟಿಗೆ ಬಂದಳು. ಜಗುಲಿಯ ಮೇಲೆ ಅಧಿಕಾರಿಣಿ ಕೂತಿದ್ದರು. ಮರಿತಾಯಮ್ಮ ಗೇಟಿನಿಂದ ಒಬ್ಬಳೇ ನಡೆದು ಅಡುಗೆಮನೆಗೆ ಹೋಗಿ, ಚೊಂಬಿನಲ್ಲಿ ನೀರು ತಂದು ಅವರ ಕೈಗೆ ಕೊಡಬೇಕೆಂದು ಮಾತಾಗಿತ್ತು. ಅಷ್ಟು ಮಾಡಿದರೆ ಬೇರೆ ಅರ್ಜಿ ಬೇಡ ಎಂದು ಮೇಷ್ಟ್ರು ಹೇಳಿದ್ದರು.

ಅವಳು ಗೇಟು ದಾಟಿ ಕಾಲಿಟ್ಟಳು. ನೆಲ ಇರಲಿಲ್ಲ. ಹಾಸಿಗೆಯ ಮೇಲೆ ನಿಂತ ಹಾಗಾಯಿತು. ಕಾಲನ್ನು ಎಡಕ್ಕೆ ಬಲಕ್ಕೆ ಆಡಿಸಿದಳು, ಎಲ್ಲ ಕಡೆಯೂ ಅದೇ ಮೆತ್ತಗೆ. ಬೇರೆಯವರ ಮನೆಗೆ ಬಂದೆನೋ ಎಂದುಕೊಂಡಳು. ಅಷ್ಟರಲ್ಲಿ ಪಕ್ಕದಲ್ಲೇ ವಾಲಗ ಶುರುವಾಯಿತು, ಡೋಲು ಎದೆಗೇ ಬಡಿಯಿತು, ಕಿವಿಯೂ ಹೋಯಿತು. ಯಾರನ್ನಾದರೂ ಕೇಳಬಹುದಿತ್ತು. ಆದರೆ ಆವತ್ತು ಕೇಳದೆ ನಡೆಯಬೇಕಾದ ದಿನ. ಲೆಕ್ಕ ಗೊತ್ತಿತ್ತಲ್ಲ, ಇಪ್ಪತ್ತು ಹೆಜ್ಜೆ ಎಂದುಕೊಂಡು ಹೊರಟಳು. ಮೆತ್ತನೆಯ ಮೇಲೆ ಹೆಜ್ಜೆ ಗಿಡ್ಡವಾಗುತ್ತದೆ, ಅದು ಅವಳಿಗೂ ಗೊತ್ತಿರಲಿಲ್ಲ. ಇಪ್ಪತ್ತಾದರೂ ಗುಂಡುಕಲ್ಲು ಸಿಗಲಿಲ್ಲ. ಎಡಕ್ಕೆ ತಿರುಗಿದಳು. ಚಪ್ಪರದ ಕಂಬ ಭುಜಕ್ಕೆ ತಾಗಿತು. ಹಿಂದಕ್ಕೆ ಸರಿದವಳು ಹೆಂಗಸರು ಕೂತಿದ್ದ ಕುರ್ಚಿಗಳ ಮೇಲೆ ಹೋಗಿ ಬಿದ್ದಳು.

ವಾಲಗ ನಿಂತಿತು. ಏಳೆಂಟು ಕೈಗಳು ಒಟ್ಟಿಗೆ ಬಂದು ಅವಳನ್ನು ಎತ್ತಿದವು. ರಟ್ಟೆ, ಸೊಂಟ, ತಲೆ, ಯಾರಿಗೆ ಸಿಕ್ಕಿದ್ದನ್ನು ಅವರು ಹಿಡಿದುಕೊಂಡಿದ್ದರು. ಅದರಲ್ಲಿ ಒಂದು ಕೈಗೆ ಗಂಜಿಯ ವಾಸನೆ ಇತ್ತು. ಕೇಳದೆ ಹಿಡಿಯಬಾರದೆಂದು ಎರಡು ವರ್ಷ ಕಲಿತವರೇ ಅವಳನ್ನು ಹೊತ್ತುಕೊಂಡು ಹೋಗಿ ಒಳಗಿನ ಕೋಣೆಯಲ್ಲಿ ಕೂರಿಸಿದರು. ಜಗುಲಿಯಿಂದ ಯಾರೋ 'ಪಾಪ' ಎಂದರು.

ಸಮಾರಂಭ ಮುಗಿದ ಮೇಲೆ ಗೋಡೆಯಾಚೆ ಅಧಿಕಾರಿಣಿ, ಗುರುಪಾದಸ್ವಾಮಿಯವರು, ಮೇಷ್ಟ್ರು ಮಾತಾಡುತ್ತಿದ್ದದ್ದು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಪ್ಪು ನಮ್ಮದು, ನಾವೇ ಬಟ್ಟೆ ಹಾಸಿ ದಾರಿ ಮುಚ್ಚಿದೆವು ಎಂದು ಮೇಷ್ಟ್ರು ಎಲ್ಲ ಬಿಡಿಸಿ ಹೇಳಿದರು. ಆಕೆ ಸಮಾಧಾನವಾಗಿಯೇ ಕೇಳಿಸಿಕೊಂಡರು.

"ನನಗೂ ಬೇಜಾರೇ ಸಾರ್. ಆದ್ರೆ ನಾಳೆ ಅಡುಗೆಯವಳು ಒಂದು ಚಾಪೆ ಹಾಸಿರ್ತಾಳೆ. ಹೊರಗೆ ಮೆರವಣಿಗೆ ಹೋಗ್ತಿರುತ್ತೆ. ಆಗ ಒಂದು ಮಗು ಬಾವಿ ಹತ್ರ ಇದ್ರೆ? ಏನೂ ಆಗಲ್ಲ ಅಂತ ನೀವು ಬರೆದುಕೊಡ್ತೀರಾ?"

ಮೇಷ್ಟ್ರು ಏನು ಹೇಳುತ್ತಾರೆಂದು ಮರಿತಾಯಮ್ಮ ಕಾದಳು. ಮೇಷ್ಟ್ರು ಕುರ್ಚಿ ಸರಿಸಿದ ಸದ್ದಷ್ಟೇ ಕೇಳಿತು. ಆ ಪ್ರಶ್ನೆಗೆ ಉತ್ತರ ಇರಲಿಲ್ಲವೆಂದಲ್ಲ. ಚಾಪೆ ಹಾಸದ ಹಾಗೆ ನೋಡಿಕೊಳ್ಳುವುದೇ ಅಲ್ಲಿಯ ಕೆಲಸ, ಅದು ಕಣ್ಣಿದ್ದವರಿಗಿಂತ ನನಗೆ ಚೆನ್ನಾಗಿ ಗೊತ್ತು, ಮಂಡಿಯವರನ್ನು ಕೇಳಿ ನೋಡಿ ಎಂದು ಅವಳೇ ಎದ್ದು ಹೋಗಿ ಹೇಳಬೇಕಾಗಿತ್ತು. ಮಾತು ಅವಳ ನಾಲಿಗೆಯ ಮೇಲೇ ಇತ್ತು. ಆದರೆ ಸೀರೆ ಮಣ್ಣಾಗಿತ್ತು, ಮೊಣಕೈ ಉರಿಯುತ್ತಿತ್ತು, ಅಷ್ಟು ಜನರ ಎದುರು ಬಿದ್ದವಳು ಈಗ ಯಾವ ಮುಖ ಹೊತ್ತು ಹೊರಗೆ ಬರಲಿ ಎನ್ನಿಸಿತು. ಇಪ್ಪತ್ತೆರಡು ವರ್ಷ ಯಜಮಾನರನ್ನೂ ಬಿಡದೆ ಬೈದ ಬಾಯಿ ಬೇಕಾದ ಹೊತ್ತಿಗೆ ಬರಲಿಲ್ಲ. ಆಮೇಲೆ ಅವಳು ಯಾರನ್ನು ಕ್ಷಮಿಸಿದರೂ ಇದೊಂದಕ್ಕೆ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

"ಕಣ್ಣಾರೆ ನೋಡ್ಬುಟ್ನಲ್ಲ ಮೇಷ್ಟ್ರೆ," ಎಂದು ಗುರುಪಾದಸ್ವಾಮಿಯವರು ಸಣ್ಣ ದನಿಯಲ್ಲಿ ಹೇಳಿದರು. "ಮಕ್ಕಳ ವಿಚಾರ. ನಾನೇನ್ ಮಾಡ್ಲಿ."

ಕಣ್ಣಿದ್ದ ಕರಿಬಸಮ್ಮ ಎನ್ನುವವರನ್ನು ಮೇಲ್ವಿಚಾರಕಿಯಾಗಿ ತಂದರು. ಮರಿತಾಯಮ್ಮ ಮಂಡಿಗೆ ವಾಪಸ್ಸು ಬಂದು ಅರಿಶಿನದ ಮುಂದೆ ಕೂತಳು. ಎರಡನೆಯ ದಿನವೇ ಶಿವರಂಜಿನಿ ಬಂದು ಅವಳ ಕಾಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನಿಂದಾನೇ ಆಗಿದ್ದು ಅಮ್ಮ. ನಿಮ್ಮನ್ನ ದೇವರ ಥರ ನಡೆಸ್ಬೇಕು ಅಂತಿದ್ದೆ."

"ದೇವ್ರುನ್ನ ಹೊತ್ಕಂಡ್ ಓಯ್ತಾರೆ ಕಣಮ್ಮಿ. ಅದೇ ನಡ್ಕಂಡ್ ಓಗಲ್ಲ." ಮರಿತಾಯಮ್ಮ ಅವಳ ತಲೆ ಸವರಿದಳು. "ಅಳ್ಬ್ಯಾಡ ಬುಡು. ನೀನ್ ಬೇಕು ಅಂತ ಮಾಡಿದ್ದಾ."

ಹುಡುಗಿ ಹೋದ ಮೇಲೆ ಮರಿತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿ ಕೂತಿದ್ದವರು ನೋಡಿಯೂ ನೋಡದ ಹಾಗೆ ಗೆಡ್ಡೆ ಹೆಕ್ಕಿದರು.

ಮೇಷ್ಟ್ರು ಬಂದು ಕರೆದದ್ದಕ್ಕೆ ಒಂದು ಶನಿವಾರ ಕ್ಲಾಸಿಗೆ ಹೋದಳು. ಮೊದಲಿನ ಗಲಾಟೆ ಇಲ್ಲ. ಅವಳು ಏನು ಹೇಳಿದರೂ ಹೌದಮ್ಮ, ಸರಿಯಮ್ಮ ಎನ್ನುತ್ತಿದ್ದರು. ಬೇಕೆಂದೇ ಒಂದು ತಪ್ಪು ಮಾತು ಹೇಳಿ ನೋಡಿದಳು, ಬಾವಿಯನ್ನು ಬಾಗಿಲ ಎದುರಿಗೇ ತೋಡಿಸಿ ಎಂದಳು. ಅದಕ್ಕೂ ಸರಿಯಮ್ಮ ಎಂದು ಬರೆದುಕೊಂಡರು. ಮುಂದಿನ ಶನಿವಾರದಿಂದ ಅವಳು ಹೋಗಲಿಲ್ಲ. ಮೇಷ್ಟ್ರೂ ಮೂರು ಸಲ ಬಂದು ಕರೆದು ಸುಮ್ಮನಾದರು. ಅವರಿಗೆ ಅವಳ ಎದುರು ನಿಂತು ಮಾತಾಡುವುದು ಕಷ್ಟವಾಗುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ, ಮಕ್ಕಳನ್ನು ನೋಡಬೇಕೆಂಬ ಆಸೆ ತಡೆಯಲಾರದೆ ಒಂದು ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಹಾಸ್ಟೆಲ್ಲಿನ ಗೇಟು ತೆಗೆದು ಕಾಲಿಟ್ಟಾಗ ಒರಟು ಕಲ್ಲು ಸಿಕ್ಕಿತು. ಇಪ್ಪತ್ತು ಹೆಜ್ಜೆಗೆ ಗುಂಡುಕಲ್ಲು, ಇಪ್ಪತ್ತೆರಡಕ್ಕೆ ಜಗುಲಿ. ಒಂದು ಹೆಜ್ಜೆಯೂ ತಪ್ಪಲಿಲ್ಲ. ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಮಕ್ಕಳಿರುವ ಮನೆಯ ಸದ್ದೂ ಇರಲಿಲ್ಲ.

ಕರಿಬಸಮ್ಮ ಒಳ್ಳೆಯ ಹೆಂಗಸು. ಮಜ್ಜಿಗೆ ಕೊಟ್ಟು ಉಪಚಾರ ಮಾಡಿದರು. "ಅವತ್ ನೀವ್ ಬಿದ್ರಂತಲ್ಲಮ್ಮ, ಕೇಳಿ ನಂಗ್ ಎದೆ ಒಡ್ದೋಯ್ತು," ಎಂದರು. "ಈ ಮಕ್ಕಳಿಗೆ ಹಂಗಾಗ್ಬಾರ್ದು ಅಂತ ನಾನು ಕುಂತ ಜಾಗದಿಂದ ಏಳ್ಸದೇ ಇಲ್ಲ. ನೀರು, ಊಟ ಎಲ್ಲ ಅಲ್ಲಿಗೇ ತಂದ್ಕೊಡ್ತೀನಿ. ಕಕ್ಕಸಿಗೂ ಎತ್ಕಂಡೇ ಓಯ್ತೀನಿ. ಬಾವಿ ಬಾಗ್ಲಿಗೆ ಬೀಗ ಹಾಕ್ಸಿದೀನಿ."

ಎಂಟು ಮಕ್ಕಳು ಗೋಡೆಯುದ್ದಕ್ಕೂ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮರಿತಾಯಮ್ಮ ಒಬ್ಬೊಬ್ಬರನ್ನೇ ಮುಟ್ಟಿ ಹೆಸರು ಕೇಳುತ್ತ ಬಂದಳು. ನೀಲಾವತಿ ದನಿಯಲ್ಲೇ ಗುರುತು ಹಿಡಿದು, ಕೂತಲ್ಲಿಂದಲೇ ಎರಡೂ ಕೈ ಚಾಚಿ ಅವಳ ಕೊರಳು ಬಳಸಿದಳು. ಮೈ ತುಂಬಿಕೊಂಡಿತ್ತು. ಮರಿತಾಯಮ್ಮ ಅವಳ ಪಾದವನ್ನು ಕೈಯಲ್ಲಿ ಹಿಡಿದು ನೋಡಿದಳು. ಕಾಡಂಚಿನಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಮಗುವಿನ ಅಂಗಾಲು ಕೂಸಿನದರಂತೆ ಮೆತ್ತಗಾಗಿತ್ತು.

"ಅಜ್ಜಿ, ನಾನ್ ಬಂದು ನಾಕ್ ತಿಂಗ್ಳಾಯ್ತು," ಎಂದು ನೀಲಾವತಿ ಹೆಮ್ಮೆಯಿಂದ ಹೇಳಿದಳು. "ಒಂದ್ ಸಲಾನೂ ಬಿದ್ದಿಲ್ಲ ಕಣಜ್ಜಿ."

ಮರಿತಾಯಮ್ಮ ಆ ಪಾದವನ್ನು ಬಿಡದೆ ಹಾಗೇ ಹಿಡಿದುಕೊಂಡಿದ್ದಳು. "ಜಾಣೆ ಕಣವ್ವ ನೀನು," ಎಂದಳು.